ನಮ್ಮ ಗುಂಡಿ, ಪಕ್ಕದವರ ಪಾಯ

ಸೈಟು ನಮ್ಮದೇ ಇರಬಹುದು. ಆದರೆ ಅಲ್ಲಿನ ಮಣ್ಣಿನ ಮೇಲೆ ಪಕ್ಕದ ಮನೆಯ ಭಾರವೂ ಒರಗಿಕೊಂಡಿರುತ್ತದೆ. ಬೇಸ್‌ಮೆಂಟ್‌ಗೆಂದು ಜೆಸಿಬಿ ಕರೆಸುವ ಮುನ್ನ ಆ ಭಾರದ ಗತಿಯೇನು ಎಂದು ಯೋಚಿಸಬೇಕಾದವರು ಯಾರು?

2020ರ ಜುಲೈ 28, ಮಂಗಳವಾರ. ರಾತ್ರಿ ಹೊತ್ತು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಾಲ್ಕಂತಸ್ತಿನ ಕಟ್ಟಡವೊಂದು ನೆಲಕಚ್ಚಿತು. ಕೆಲಸ ನಡೆಯುತ್ತಿದ್ದದ್ದು ಆ ಕಟ್ಟಡದಲ್ಲಲ್ಲ, ಅದರ ಪಕ್ಕದಲ್ಲಿ. ಒಂದು ಕಾಲಕ್ಕೆ ಟಿಕೆಟ್ಟಿಗಾಗಿ ಜನ ಸಾಲುಗಟ್ಟುತ್ತಿದ್ದ ಕಪಾಲಿ ಚಿತ್ರಮಂದಿರವನ್ನು ಕೆಡವಿ, ಆ ಜಾಗದಲ್ಲಿ ಬಹುಮಹಡಿ ಕಟ್ಟಡಕ್ಕೆಂದು ಆಳವಾಗಿ ಅಗೆದಿದ್ದರು. ಅಪಾಯದ ಸುಳಿವು ಸಿಕ್ಕಿ ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ.

ಇದು ಪತ್ರಿಕೆಗೆ ಬರುವಷ್ಟು ದೊಡ್ಡದು. ಬಡಾವಣೆಗಳ 30×40 ಸೈಟುಗಳಲ್ಲಿ ಇದೇ ಕಥೆ ಸಣ್ಣದಾಗಿ ನಡೆಯುತ್ತಲೇ ಇರುತ್ತದೆ. ಪಕ್ಕದ ಹಳೇ ಮನೆ ಮಾರಾಟವಾಗುತ್ತದೆ, ಕೊಂಡವರು ಕೆಡವುತ್ತಾರೆ. ಗುದ್ದಲಿ ಪೂಜೆಗೆ ಹೋಗಿ ಪ್ರಸಾದ ತಿಂದು ಬಂದ ನೆರೆಯವರು ಎರಡು ದಿನ ಬಿಟ್ಟು ನೋಡಿದರೆ ಕಾಂಪೌಂಡಿನ ಆಚೆ ಹತ್ತಡಿ ಗುಂಡಿ. ವಾರ ಕಳೆಯುವಷ್ಟರಲ್ಲಿ ಗೇಟಿನ ಚಿಲಕ ಕೂರುವುದಿಲ್ಲ. ಅಡುಗೆಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಗೆರೆ ಮೇಲಕ್ಕೆ ಹೊರಟಿರುತ್ತದೆ. ಹೋಗಿ ಕೇಳಿದರೆ ಮೇಸ್ತ್ರಿಯ ಉತ್ತರ ಸಿದ್ಧ: “ಏನೂ ಆಗಲ್ಲ ಅಂಕಲ್, ಇಲ್ಲಿ ಗಟ್ಟಿ ಮಣ್ಣು. ಲಾಸ್ಟಲ್ಲಿ ಪ್ಯಾಚ್ ಹಾಕಿ ಪೇಂಟ್ ಹೊಡ್ಸಿ ಕೊಡ್ತೀವಿ ಬಿಡಿ.”

ಬಿರುಕಿಗೆ ಸಿಮೆಂಟು ಮೆತ್ತುವುದು ಸುಲಭ. ಆದರೆ ಆ ಬಿರುಕು ಹುಟ್ಟಿದ್ದು ಗೋಡೆಯಲ್ಲಲ್ಲ, ನಾಲ್ಕಡಿ ಕೆಳಗೆ, ಪಾಯದ ಬುಡದಲ್ಲಿ. ಅಲ್ಲಿ ಏನಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು.

ಒಂದು ಸೈಟಿನ ಲೆಕ್ಕ

ಸುಮಾರು ನಲವತ್ತು ವರ್ಷ ಹಳೆಯ ಮನೆ ಎಂದುಕೊಳ್ಳಿ. ಪಿಲ್ಲರ್‌ಗಳಿಲ್ಲ, ಇಟ್ಟಿಗೆ ಗೋಡೆಯೇ ತಾರಸಿಯ ಭಾರ ಹೊತ್ತಿದೆ. ಗೋಡೆಯ ಕೆಳಗೆ ಸೈಜುಗಲ್ಲಿನ ಪಾಯ, ನಾಲ್ಕಡಿ ಆಳ. ಗೋಡೆಗೂ ಗಡಿಗೂ ನಡುವೆ ಮೂರಡಿ ಸೆಟ್‌ಬ್ಯಾಕ್. ಗಡಿಯ ಈಚೆ ಹೊಸಬರ ಸೈಟು. ಅವರಿಗೆ ಕಾರು ನಿಲ್ಲಿಸಲು ಬೇಸ್‌ಮೆಂಟ್ ಬೇಕು. ಫುಟಿಂಗ್ ಸೇರಿ ಹನ್ನೊಂದಡಿ ಅಗೆಯಬೇಕು. ಹಳೇ ಪಾಯದ ತಳಕ್ಕಿಂತ ಹೊಸ ಗುಂಡಿಯ ತಳ ಏಳಡಿ ಕೆಳಗೆ.

ಪಾಯಗಳ ಬಗೆಗಿನ ಭಾರತೀಯ ಮಾನಕ ಐಎಸ್ 1904 ಇಂಥ ಸಂದರ್ಭಕ್ಕೊಂದು ಮಿತಿ ಹಾಕಿದೆ. ಅಕ್ಕಪಕ್ಕದ ಎರಡು ಪಾಯಗಳು ಬೇರೆ ಬೇರೆ ಆಳದಲ್ಲಿದ್ದರೆ, ಅವುಗಳ ತಳದ ಅಂಚುಗಳನ್ನು ಸೇರಿಸುವ ಗೆರೆ ಮಣ್ಣಿನ ನೆಲದಲ್ಲಿ ಎರಡಡಿ ಅಡ್ಡಕ್ಕೆ ಒಂದಡಿಗಿಂತ ಕಡಿದಾಗಿ ಇಳಿಯಬಾರದು. ಏಳಡಿ ಇಳಿಯಲು ಹದಿನಾಲ್ಕು ಅಡಿ ದೂರ ಬೇಕು. ಮೂರಡಿ ಪಕ್ಕದವರ ಸೆಟ್‌ಬ್ಯಾಕ್‌ನಲ್ಲಿ ಸಿಕ್ಕಿತು, ಉಳಿದ ಹನ್ನೊಂದಡಿಯನ್ನು ಹೊಸಬರು ತಮ್ಮ ಸೈಟಿನಲ್ಲೇ ಬಿಡಬೇಕು. ಎರಡೂ ಪಕ್ಕದಲ್ಲಿ ಇಂಥದೇ ಹಳೇ ಮನೆಗಳಿದ್ದರೆ ಇಪ್ಪತ್ತೆರಡು ಅಡಿ ಹೋಯಿತು. 30 ಅಡಿ ಅಗಲದ ಸೈಟಿನಲ್ಲಿ ಬೇಸ್‌ಮೆಂಟ್‌ಗೆ ಉಳಿಯುವುದು ಎಂಟಡಿ. ಒಂದು ಕಾರು ನಿಲ್ಲಿಸಿದರೆ ಮುಗಿಯಿತು.

ಹಾಗಾಗಿ ಇಂಥ ಸೈಟಿನಲ್ಲಿ ಗಡಿಯಿಂದ ಗಡಿಗೆ ಅಗೆಯುವವರೆಲ್ಲ ಈ ಮಿತಿಯನ್ನು ದಾಟಿಯೇ ಅಗೆಯುತ್ತಾರೆ. ದಾಟುವುದೇ ತಪ್ಪೆಂದಲ್ಲ. ದಾಟಿದ ಮೇಲೆ, ತೆಗೆದು ಹಾಕಿದ ಮಣ್ಣು ಅಲ್ಲಿಯವರೆಗೆ ಮಾಡುತ್ತಿದ್ದ ಕೆಲಸವನ್ನು ಇನ್ನೇನಾದರೂ ಮಾಡಬೇಕು. ಎಷ್ಟೋ ಕಡೆ ಹನ್ನೊಂದಡಿ ಗುಂಡಿಯ ಗೋಡೆಗೆ ಒಂದು ಸರ್ವೆ ಮರದ ಆಸರೆಯೂ ಇರುವುದಿಲ್ಲ.

ನೆಟ್ಟಗೆ ಕಡಿದ ಮಣ್ಣು ಬೀಳುವ ಬಗೆಯನ್ನು ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1773ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬ್ ಈತನೇ. ಮಣ್ಣು ಬೆಣೆಯಾಕಾರದ ಒಂದೇ ತುಂಡಾಗಿ, ಗುಂಡಿಯ ತಳದಿಂದ ಓರೆಯಾಗಿ ಮೇಲೆದ್ದ ಒಂದು ಜಾರುತಲದ ಮೇಲೆ ಸರಿಯುತ್ತದೆ. ಸಾಧಾರಣ ಮರಳುಮಿಶ್ರಿತ ಮಣ್ಣಿಗೆ ಆ ಓರೆ 60 ಡಿಗ್ರಿಯ ಆಸುಪಾಸು. ನಮ್ಮ ಹನ್ನೊಂದಡಿ ಗುಂಡಿಗೆ ಇದನ್ನು ಅನ್ವಯಿಸಿದರೆ ಬೆಣೆಯ ಅಗಲ ಮೇಲ್ಭಾಗದಲ್ಲಿ ಆರಡಿಗಿಂತ ತುಸು ಹೆಚ್ಚು. ಗಡಿಯ ಉದ್ದಕ್ಕೆ ಒಂದೊಂದು ಅಡಿಗೂ 35 ಘನ ಅಡಿ ಮಣ್ಣು, ತೂಕ ಸುಮಾರು 1.8 ಟನ್. ನಲವತ್ತು ಅಡಿ ಉದ್ದಕ್ಕೆ 70 ಟನ್, ಏಳು ಟಿಪ್ಪರ್ ಲೋಡು. ಪಕ್ಕದ ಮನೆಯ ಗೋಡೆ ಇರುವುದು ಗಡಿಯಿಂದ ಮೂರಡಿಯಲ್ಲಿ. ಎಂದರೆ ಆ ಗೋಡೆ ಕೂತಿರುವುದೇ ಜಾರಲು ಸಿದ್ಧವಾದ ಬೆಣೆಯ ಮೇಲೆ. ಮನೆಯ ಭಾರವನ್ನು ಈ ಲೆಕ್ಕಕ್ಕೆ ನಾವಿನ್ನೂ ಸೇರಿಸಿಯೇ ಇಲ್ಲ.

ಹಾನಿಯಾಗಲು ಮಣ್ಣು ಪೂರ್ತಿ ಕುಸಿಯಲೇಬೇಕೆಂದಿಲ್ಲ, ಸ್ವಲ್ಪ ಅಲುಗಿದರೂ ಸಾಕು. ಬ್ರಿಟನ್ನಿನ ಎಂಜಿನಿಯರುಗಳಾದ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಹಲವು ಕಟ್ಟಡಗಳ ಕುಸಿತದ ಅಳತೆಗಳನ್ನು ಪರಿಶೀಲಿಸಿ 1956ರಲ್ಲಿ ಕೊಟ್ಟ ಅಂದಾಜು ಇಂದಿಗೂ ಬಳಕೆಯಲ್ಲಿದೆ. ಉದ್ದದ ಮುನ್ನೂರರಲ್ಲಿ ಒಂದು ಭಾಗದಷ್ಟು ಏರುಪೇರಾದರೆ ಗೋಡೆ ಬಿರುಕು ಬಿಡತೊಡಗುತ್ತದೆ, ನೂರೈವತ್ತರಲ್ಲಿ ಒಂದು ಭಾಗವಾದರೆ ಕಟ್ಟಡದ ಚೌಕಟ್ಟಿಗೇ ಪೆಟ್ಟು. 30 ಅಡಿ ಗೋಡೆಯ ಒಂದು ತುದಿ ಇನ್ನೊಂದಕ್ಕಿಂತ ಒಂದೂಕಾಲು ಇಂಚು ಇಳಿದರೆ ಮೊದಲ ಮಿತಿ ಮುಟ್ಟಿದಂತೆ. ಗುಂಡಿಯ ಅಂಚಿನಲ್ಲಿ ಒಂದೂಕಾಲು ಇಂಚು ದೊಡ್ಡ ಮಾತಲ್ಲ.

ಒಣಗಿದ್ದಾಗ ಗಟ್ಟಿ

ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಬೇಸಗೆಯಲ್ಲಿ ಬೆಂಗಳೂರಿನ ಕೆಮ್ಮಣ್ಣನ್ನು ಹತ್ತು ಹನ್ನೆರಡು ಅಡಿ ನೆಟ್ಟಗೆ ಕಡಿದರೂ ವಾರಗಟ್ಟಲೆ ನಿಲ್ಲುತ್ತದೆ. ಅವನು ಕಣ್ಣಾರೆ ನೋಡಿದ್ದಾನೆ. ಏಕೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿಲ್ಲ.

ಅರೆತೇವದ ಮಣ್ಣಿನ ಕಣಗಳ ನಡುವೆ ನೀರಿನ ತೆಳು ಪೊರೆ ಇರುತ್ತದೆ. ಆ ಪೊರೆ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಮಕ್ಕಳು ಹಸಿ ಮರಳಿನಲ್ಲಿ ಕಟ್ಟಿದ ಗುಬ್ಬಿಗೂಡು ನಿಲ್ಲುವುದೂ ಇದೇ ಬಲದಿಂದ. ನೀರು ಹೆಚ್ಚಾಗಿ ಸಂದುಗಳೆಲ್ಲ ತುಂಬಿಕೊಂಡ ಗಳಿಗೆ ಆ ಹಿಡಿತ ಮಾಯ. ಎಂಜಿನಿಯರುಗಳಲ್ಲಿ ಒಂದು ಸರಳ ಸೂತ್ರವಿದೆ: ಮಣ್ಣಿನ ಅಂಟುಬಲವನ್ನು ನಾಲ್ಕರಿಂದ ಗುಣಿಸಿ ಒಂದು ಘನ ಮೀಟರ್ ಮಣ್ಣಿನ ತೂಕದಿಂದ ಭಾಗಿಸಿದರೆ, ಆಸರೆಯಿಲ್ಲದೆ ಅದು ನಿಲ್ಲಬಲ್ಲ ಎತ್ತರದ ಅಂದಾಜು ಸಿಗುತ್ತದೆ. ಅಂಟುಬಲ 20 ಕಿಲೋಪಾಸ್ಕಲ್ ಇದ್ದರೆ 4.4 ಮೀಟರ್, ಹದಿನಾಲ್ಕು ಅಡಿ. ಮಳೆ ಬಿದ್ದು ಅದು 8ಕ್ಕೆ ಇಳಿದರೆ 1.8 ಮೀಟರ್, ಆರಡಿಯೂ ಇಲ್ಲ. ಮಣ್ಣು ಅದೇ, ಗುಂಡಿಯೂ ಅದೇ. ನಡುವೆ ಒಂದು ರಾತ್ರಿಯ ಮಳೆ ಬಂದು ಹೋಗಿದೆ ಅಷ್ಟೆ.

ನಮ್ಮ ಪಂಚಾಂಗವೂ ಇದಕ್ಕೊಂದು ಕೈ ಸೇರಿಸುತ್ತದೆ. ಆಷಾಢ ಕಳೆಯಲಿ ಎಂದು ಕಾದು ಶ್ರಾವಣದಲ್ಲಿ ಗುದ್ದಲಿ ಪೂಜೆ ಮಾಡುವವರು ಬಹಳ. ಆಗ ಗುಂಡಿ ಬಾಯಿ ತೆರೆದುಕೊಂಡಿರುವುದು ಸರಿಯಾಗಿ ಸೆಪ್ಟೆಂಬರ್-ಅಕ್ಟೋಬರಿನ ಮಳೆಗೆ. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಅವು. ಪೂಜೆ ಶ್ರಾವಣದಲ್ಲೇ ಆಗಲಿ, ಆಳದ ಅಗೆತ ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಂಡರೆ ಯಾವ ಶಾಸ್ತ್ರಕ್ಕೂ ಅಡ್ಡಿಯಿಲ್ಲ.

ನೀರು ಆಕಾಶದಿಂದಲೇ ಬರಬೇಕೆಂದಿಲ್ಲ. ಸಾಮಾನ್ಯವಾಗಿ ಪಕ್ಕದ ಮನೆಯ ಸಂಪು, ಬಚ್ಚಲ ನೀರಿನ ಪೈಪು, ಚೇಂಬರು ಎಲ್ಲ ಇರುವುದು ಆ ಮೂರಡಿ ಸೆಟ್‌ಬ್ಯಾಕ್‌ನಲ್ಲೇ. ಮಣ್ಣು ಒಂದಿಷ್ಟು ಸರಿದರೆ ಹಳೇ ಪೈಪಿನ ಜಾಯಿಂಟು ಬಿಡುತ್ತದೆ. ಸೋರಿದ ನೀರು ಮಣ್ಣನ್ನು ಮೆತ್ತಗಾಗಿಸುತ್ತದೆ, ಮೆತ್ತಗಾದ ಮಣ್ಣು ಇನ್ನಷ್ಟು ಸರಿಯುತ್ತದೆ, ಜಾಯಿಂಟು ಇನ್ನಷ್ಟು ಬಾಯಿ ಬಿಡುತ್ತದೆ. ಗುಂಡಿಯ ಗೋಡೆಯಲ್ಲಿ ಒಂದು ಕಡೆ ಮಾತ್ರ ತೇವದ ಕಲೆ ಕಂಡರೆ ಕೆಲಸ ನಿಲ್ಲಿಸಿ ಆ ನೀರಿನ ಮೂಲ ಹುಡುಕಬೇಕು.

ಊರಿಂದೂರಿಗೆ ಮಣ್ಣಿನ ಗುಣ ಬೇರೆ. ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಮಣ್ಣು ಗಟ್ಟಿ, ನೀರು ಕುಡಿದರೆ ಬಲವೆಲ್ಲ ಹೋಗುತ್ತದೆ. 2024ರ ಜುಲೈ 3ರಂದು ಮಂಗಳೂರಿನ ಬಲ್ಮಠದಲ್ಲಿ ಮಳೆಗಾಲದ ನಡುವೆ ಕಟ್ಟಡದ ತಳಭಾಗದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಕಾರ್ಮಿಕರ ಮೇಲೆ ಮಣ್ಣು ಕುಸಿಯಿತು. ಒಬ್ಬರನ್ನು ಹೊರತೆಗೆದು ಉಳಿಸಿಕೊಂಡರು, ಇನ್ನೊಬ್ಬರು ಉಳಿಯಲಿಲ್ಲ. ಪಕ್ಕದ ಮನೆಯ ಪಾಯಕ್ಕೆ ಆಸರೆ ಕೊಡದ ಗುಂಡಿ ಮೊದಲು ನುಂಗುವುದು ಅದರೊಳಗೆ ಇಳಿದವರನ್ನು ಎಂಬುದನ್ನು ಮರೆಯಬಾರದು. ಹುಬ್ಬಳ್ಳಿ-ಧಾರವಾಡದ ಎರೆಮಣ್ಣು ಇನ್ನೊಂದು ಬಗೆ. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಗುಂಡಿ ತೆರೆದಿಟ್ಟಷ್ಟು ದಿನ ಪಕ್ಕದ ಪಾಯದ ಕೆಳಗೂ ಈ ಆಟ ನಡೆಯುತ್ತದೆ.

ತೆಗೆದ ಮಣ್ಣನ್ನು ಎಲ್ಲಿ ಸುರಿಯುತ್ತೇವೆ ಎಂಬುದೂ ಸಣ್ಣ ವಿಷಯವಲ್ಲ. 2009ರ ಜೂನ್ 27ರಂದು ಶಾಂಘೈನಲ್ಲಿ, ಹೆಚ್ಚುಕಡಿಮೆ ಮುಗಿದಿದ್ದ 13 ಅಂತಸ್ತಿನ ಕಟ್ಟಡವೊಂದು ಬುಡಸಮೇತ ಮಗ್ಗುಲಾಗಿ ಮಲಗಿತು. ಒಬ್ಬ ಕಾರ್ಮಿಕ ಸತ್ತ. ಕಟ್ಟಡದ ಒಂದು ಬದಿಗೆ ನೆಲದಡಿಯ ಗ್ಯಾರೇಜಿಗಾಗಿ 4.6 ಮೀಟರ್ ಅಗೆದಿದ್ದರು, ಇನ್ನೊಂದು ಬದಿಗೆ ಹತ್ತು ಮೀಟರಿನಷ್ಟು ಎತ್ತರಕ್ಕೆ ಮಣ್ಣು ಗುಡ್ಡೆ ಹಾಕಿದ್ದರು. ಒಂದು ಕಡೆಯಿಂದ ಒತ್ತು, ಇನ್ನೊಂದು ಕಡೆ ತಡೆಯಿಲ್ಲ. ಟಿಪ್ಪರ್ ಬರಲಿಲ್ಲವೆಂದು ಪಕ್ಕದವರ ಕಾಂಪೌಂಡಿಗೆ ಒತ್ತಿ ಮಣ್ಣು ರಾಶಿ ಹಾಕುವಾಗ ನಾವೂ ಇದನ್ನೇ ಮಾಡುತ್ತಿರುತ್ತೇವೆ.

ಎರಡು ಬಿಟ್ಟು ಒಂದು

ಆಸರೆಗೆ ದಾರಿಗಳಿಲ್ಲದೇ ಇಲ್ಲ. ಸಣ್ಣ ಸೈಟುಗಳಿಗೆ ಹೊಂದುವ, ದುಬಾರಿ ಯಂತ್ರ ಬೇಡದ ಒಂದು ಹಳೇ ಪದ್ಧತಿಯಿದೆ. ಗಡಿಯ ಉದ್ದವನ್ನು ನಾಲ್ಕು ನಾಲ್ಕು ಅಡಿಯ ಪಟ್ಟಿಗಳಾಗಿ ಗುರುತಿಸಿ ಸಂಖ್ಯೆ ಹಾಕುತ್ತಾರೆ. ಮೊದಲು 1, 4, 7, 10ನೇ ಪಟ್ಟಿಗಳನ್ನು ಮಾತ್ರ ಅಗೆಯುವುದು. ನಡುವಿನ ಮಣ್ಣು ಹಾಗೇ ನಿಂತು ಪಕ್ಕದ ಮನೆಯನ್ನು ಹಿಡಿದಿರುತ್ತದೆ. ಅಗೆದಷ್ಟು ಜಾಗದಲ್ಲಿ ಕಬ್ಬಿಣ ಕಟ್ಟಿ ಗೋಡೆಯ ತುಂಡು ಎಬ್ಬಿಸಿ, ಅದು ಬಲ ಪಡೆದ ಮೇಲೆ 2, 5, 8. ಕೊನೆಗೆ 3, 6, 9. ಎಲ್ಲ ತುಂಡುಗಳೂ ಸೇರಿದಾಗ ಗಡಿಯುದ್ದಕ್ಕೂ ಒಂದು ಗೋಡೆ ನಿಂತಿರುತ್ತದೆ. ಆಮೇಲೆ ನಡುವಿನ ಮಣ್ಣು ತೆಗೆಯಬಹುದು, ಆಗಲೂ ಗೋಡೆಗೆ ಒಳಗಿನಿಂದ ಅಡ್ಡ ಆಸರೆ ಬೇಕು.

ಪಕ್ಕದ ಪಾಯವೇ ಗಡಿಗೆ ಅಂಟಿಕೊಂಡಿದ್ದರೆ ಅದರ ಅಡಿಗೇ ಹೋಗಿ ಹೊಸ ಕಾಂಕ್ರೀಟ್ ಆಸರೆ ಕೊಡಬೇಕಾಗುತ್ತದೆ. ಅಲ್ಲೂ ಎರಡು ಬಿಟ್ಟು ಒಂದು ಎಂಬುದೇ ಕ್ರಮ. ನುರಿತವರು ಹೊಸ ಕಾಂಕ್ರೀಟನ್ನು ಹಳೇ ಪಾಯದ ತಳದವರೆಗೆ ತುಂಬಿಬಿಡುವುದಿಲ್ಲ. ಎರಡು ಮೂರು ಇಂಚು ಸಂದು ಬಿಡುತ್ತಾರೆ. ಕಾಂಕ್ರೀಟ್ ಒಣಗುತ್ತ ಕುಗ್ಗುತ್ತದೆ, ಪೂರ್ತಿ ತುಂಬಿದ್ದರೆ ಮೇಲೆ ಕೂದಲೆಳೆಯಷ್ಟು ಟೊಳ್ಳು ಉಳಿದು ಹಳೇ ಪಾಯ ಅಷ್ಟು ಕೆಳಗೆ ಕೂರುತ್ತದೆ. ಹಾಗಾಗಿ ಕಾಂಕ್ರೀಟ್ ಗಟ್ಟಿಯಾದ ಮೇಲೆ, ನೀರು ಬಹಳ ಕಡಿಮೆ ಹಾಕಿ ಕಲಸಿದ ಒಣಗಾರೆಯನ್ನು ಆ ಸಂದಿಗೆ ಮರದ ತುಂಡಿನಿಂದ ಬಡಿದು ಬಡಿದು ತುಂಬುತ್ತಾರೆ. ಪಾಯದ ಭಾರ ಆಸರೆಗೆ ಇಳಿಯುವುದು ಈ ಗಾರೆಯ ಮೂಲಕ. ಗಡಿಬಿಡಿಯ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಆಳ ಹೆಚ್ಚಾದರೆ ಅಗೆಯುವ ಮೊದಲೇ ಗಡಿಯುದ್ದಕ್ಕೂ ಒತ್ತೊತ್ತಾಗಿ ಪೈಲ್ ಇಳಿಸುತ್ತಾರೆ. ಟಚ್ ಪೈಲ್ ಎಂದು ಕರೆಯುವುದು ಇದನ್ನೇ. ಇನ್ನೊಂದು ದಾರಿ ಮಣ್ಣಿಗೇ ಉದ್ದುದ್ದ ಕಬ್ಬಿಣದ ಸರಳು ಹೊಡೆದು, ಮೇಲೆ ಜಾಲರಿ ಕಟ್ಟಿ ಸಿಮೆಂಟು ಗಾರೆ ಸಿಂಪಡಿಸುವ ಸಾಯಿಲ್ ನೇಲಿಂಗ್. ನೋಡಲು ಅಚ್ಚುಕಟ್ಟು, ಬೇಗ ಮುಗಿಯುತ್ತದೆ. ಆದರೆ ಆ ಸರಳುಗಳು ಹೋಗುವುದು ಪಕ್ಕದವರ ನೆಲದೊಳಕ್ಕೆ, ಅವರ ಮನೆಯ ಕೆಳಕ್ಕೆ. ಅವರ ಒಪ್ಪಿಗೆಯಿಲ್ಲದೆ ಹೊಡೆದರೆ ಅದು ಅತಿಕ್ರಮಣ. ನಾಳೆ ಅವರು ಬೋರ್‌ವೆಲ್ ಕೊರೆಸಿದರೆ, ತಾವೂ ಬೇಸ್‌ಮೆಂಟ್ ಅಗೆದರೆ, ಅಡ್ಡ ಸಿಗುವುದು ನಮ್ಮ ಕಬ್ಬಿಣ.

ಬೆಂಗಳೂರಿಗೆ ಇನ್ನೊಂದು ಪೀಕಲಾಟ ಬಂಡೆಯದು. ಲಾಲ್‌ಬಾಗಿನಲ್ಲಿ ತಲೆ ಎತ್ತಿ ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಬಳಗವೇ ಊರಿನ ಕೆಳಗೆಲ್ಲ ಹರಡಿದೆ, ಆದರೆ ಸಮಮಟ್ಟದಲ್ಲಲ್ಲ. ಒಂದೇ ಸೈಟಿನ ಒಂದು ಮೂಲೆಯಲ್ಲಿ ಎಂಟಡಿಗೆ ಬಂಡೆ ಸಿಕ್ಕಿ, ಇನ್ನೊಂದು ಮೂಲೆಯಲ್ಲಿ ಮಣ್ಣೇ ಮಣ್ಣು ಇರಬಹುದು. ಸಾಯಿಲ್ ಟೆಸ್ಟ್‌ಗೆ ಒಂದೇ ಕಡೆ ಕೊರೆದು ಮುಗಿಸಿದರೆ ಇದು ತಿಳಿಯುವುದಿಲ್ಲ. ಬಂಡೆ ಸಿಕ್ಕ ಕೂಡಲೇ ಬ್ರೇಕರ್ ಹಚ್ಚುತ್ತಾರೆ, ಬೀದಿಯೆಲ್ಲ ನಡುಗುತ್ತದೆ. ಜರ್ಮನಿಯ ಮಾನಕವೊಂದು ವಾಸದ ಮನೆಗಳ ಪಾಯಕ್ಕೆ ನಿಧಾನಗತಿಯ ಕಂಪನವಾದರೆ ಸೆಕೆಂಡಿಗೆ 5 ಮಿಲಿಮೀಟರ್, ಸೂಕ್ಷ್ಮವಾದ ಹಳೇ ಕಟ್ಟಡಗಳಿಗೆ 3 ಮಿಲಿಮೀಟರ್ ಎಂಬ ಮಿತಿ ಹಾಕಿದೆ. ಗಡಿಯ ಹತ್ತಿರವಾದರೂ ಬ್ರೇಕರ್ ಬಿಟ್ಟು, ರಂಧ್ರ ಕೊರೆದು ಉಬ್ಬುವ ರಾಸಾಯನಿಕ ತುಂಬಿ ಸದ್ದಿಲ್ಲದೆ ಸೀಳುವ ದಾರಿ ಇದೆ. ನಿಧಾನ, ಖರ್ಚೂ ಹೆಚ್ಚು. ಗೋಡೆ ಮಾತ್ರ ಉಳಿಯುತ್ತದೆ.

ಕೊನೆಯ ತಪ್ಪು ನಡೆಯುವುದು ಎಲ್ಲ ಮುಗಿಯಿತು ಎನ್ನುವಾಗ. ಬೇಸ್‌ಮೆಂಟ್ ಗೋಡೆ ಎದ್ದ ಮೇಲೆ ಅದಕ್ಕೂ ಗಡಿಗೂ ನಡುವಿನ ಸಂದಿಗೆ ಉಳಿದ ಮಣ್ಣು, ಇಟ್ಟಿಗೆ ಚೂರು, ಸಿಮೆಂಟು ಚೀಲ ಎಲ್ಲವನ್ನೂ ತಳ್ಳಿ ಮೇಲೊಂದು ಕಾಂಕ್ರೀಟ್ ಹಾಸು ಹಾಕಿಬಿಡುತ್ತಾರೆ. ಅರ್ಧ ಅಡಿಗೊಂದು ಪದರದಂತೆ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡದ ಮಣ್ಣು ಮುಂದಿನ ಮಳೆಗಾಲದಲ್ಲಿ ಕೂರುತ್ತದೆ. ಪಕ್ಕದವರ ಕಾಂಪೌಂಡು ವಾಲುವುದು ಆಗ. ಅಷ್ಟರಲ್ಲಿ ಕಂಟ್ರಾಕ್ಟರನ ಲೆಕ್ಕ ಚುಕ್ತಾ ಆಗಿರುತ್ತದೆ.

ಗುಂಡಿಗೆ ಮೊದಲು ಫೋಟೋ

“ಈ ಬಿರುಕು ಮೊದಲೇ ಇತ್ತು”, “ಇಲ್ಲ, ನೀವು ಅಗೆದ ಮೇಲೆ ಬಂತು”. ನೆರೆಹೊರೆಯ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಎರಡು ಮಾತುಗಳಲ್ಲಿ. ಬಗೆಹರಿಸುವುದು ಕಷ್ಟವಲ್ಲ, ಮೊದಲೇ ಮಾಡಬೇಕು ಅಷ್ಟೆ.

ನಮ್ಮ ಮೆಟ್ರೊ ಡೇರಿ ವೃತ್ತದಿಂದ ನಾಗವಾರದವರೆಗೆ ಸುಮಾರು 13.8 ಕಿಲೋಮೀಟರ್ ಸುರಂಗ ಮಾರ್ಗ ಕೊರೆಯುವಾಗ ದಾರಿಯ ಮೇಲಿನ ಕಟ್ಟಡಗಳ ಸ್ಥಿತಿಯನ್ನು ಮುಂಚೆಯೇ ದಾಖಲಿಸುವ ಕ್ರಮವಿತ್ತು. ಇದ್ದ ಬಿರುಕುಗಳ ಫೋಟೋ, ಅಳತೆ. ಗೋಡೆಗಳ ಮೇಲೆ ವಾಲುವಿಕೆ ಅಳೆಯುವ ಉಪಕರಣ, ನೆಲದಲ್ಲಿ ಕುಸಿತ ಗುರುತಿಸುವ ಬಿಂದುಗಳು. 30×40 ಸೈಟಿಗೆ ಇಷ್ಟೆಲ್ಲ ಬೇಡ. ಎರಡೂ ಮನೆಯವರು ಒಂದು ಮಧ್ಯಾಹ್ನ ಜೊತೆಯಾಗಿ ಎಲ್ಲ ಕೋಣೆಗಳನ್ನೂ ಸುತ್ತಿ, ಗೋಡೆ, ತಾರಸಿ, ಸಂಪು, ಕಾಂಪೌಂಡು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಬಿರುಕುಗಳ ಪಟ್ಟಿ ಬರೆದು, ಇಬ್ಬರೂ ಸಹಿ ಹಾಕಿದರೆ ಸಾಕು. ಇದ್ದ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಬೇಕು. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಅಂಟಿಸಿದರೆ, ಗೋಡೆ ಅಲುಗಿದ ದಿನ ಗಾಜು ಸೀಳುತ್ತದೆ. ಯಾರ ಮಾತೂ ಬೇಕಿಲ್ಲ.

ಈ ಪಟ್ಟಿ ಅಗೆಯುವವರ ವಿರುದ್ಧ ಎಂದುಕೊಳ್ಳಬೇಡಿ. ನಲವತ್ತು ವರ್ಷದ ಮನೆಯ ಎಲ್ಲ ಬಿರುಕನ್ನೂ ತಮ್ಮ ತಲೆಗೆ ಕಟ್ಟದಂತೆ ಅವರನ್ನು ಕಾಪಾಡುವುದೂ ಇದೇ ಕಾಗದ.

ಪಕ್ಕದಲ್ಲಿ ಅಗೆತ ಶುರುವಾದರೆ

• ಎಷ್ಟು ಆಳ, ಗಡಿಯಿಂದ ಎಷ್ಟು ದೂರ, ಆಸರೆ ಏನು ಎಂದು ಲಿಖಿತವಾಗಿ ಕೇಳಿ. ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು.
• ನಿಮ್ಮ ಮನೆಯ ಪಾಯದ ಆಳ ಗೊತ್ತಿಲ್ಲದಿದ್ದರೆ ಗೋಡೆಯ ಪಕ್ಕ ಒಂದು ಸಣ್ಣ ಗುಂಡಿ ತೆಗೆಸಿ ನೋಡಿ, ಅವರಿಗೂ ತೋರಿಸಿ.
• ಸಂಪು, ಪೈಪು ಸೋರುತ್ತಿದ್ದರೆ ಮೊದಲು ರಿಪೇರಿ ಮಾಡಿಸಿ. ನಿಮ್ಮ ನೀರಿನಿಂದ ಮಣ್ಣು ಕುಸಿದರೆ ನಿಮ್ಮ ವಾದ ದುರ್ಬಲ.
• ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಹಿಡಿದುಕೊಳ್ಳುವುದು, ಹೊಸ ಓರೆ ಬಿರುಕು, ಅಂಗಳದ ನೆಲ ಗೋಡೆಯಿಂದ ಬಿಟ್ಟುಕೊಳ್ಳುವುದು ಅಪಾಯದ ಮೊದಲ ಗುರುತುಗಳು.
• ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ ಆ ಭಾಗದ ಕೋಣೆಗಳನ್ನು ಖಾಲಿ ಮಾಡಿ. ಪಾಲಿಕೆಗೆ, ಪೊಲೀಸರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.
• ಮಣ್ಣು ಸರಿಯತೊಡಗಿದರೆ ಅಗೆಯುವವರು ಮೊದಲು ಮಾಡಬೇಕಾದದ್ದು ಗುಂಡಿಗೆ ಆ ಬದಿಯಲ್ಲಿ ಮತ್ತೆ ಮಣ್ಣು ತುಂಬುವುದು. ವಾದ ಆಮೇಲೆ.

ಇಪ್ಪತ್ತು ವರ್ಷದ ಹಕ್ಕು

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಕೊಡುವ ಉದಾಹರಣೆಗಳಲ್ಲಿ ಒಂದು ಇದೇ: ಸಹಜ ಸ್ಥಿತಿಯಲ್ಲಿರುವ ಜಮೀನಿಗೆ ಪಕ್ಕದವರ ಮಣ್ಣಿನಿಂದ ಸಹಜವಾಗಿ ಸಿಗುವ ಆಸರೆ ಅದರ ಮಾಲೀಕನ ಹಕ್ಕು. ಇದು ಬರಿ ಜಮೀನಿನ ಮಾತು. ಅದರ ಮೇಲೆ ಮನೆ ಕಟ್ಟಿ ಭಾರ ಹೇರಿದ್ದರೆ? 15ನೇ ಕಲಮಿನಂತೆ ಇಪ್ಪತ್ತು ವರ್ಷ ತಕರಾರಿಲ್ಲದೆ, ಅಡೆತಡೆಯಿಲ್ಲದೆ ಹಕ್ಕಿನಂತೆ ಅನುಭವಿಸಿಕೊಂಡು ಬಂದ ಆಸರೆ ಕಟ್ಟಡಕ್ಕೂ ಹಕ್ಕಾಗುತ್ತದೆ.

ಕಾಯ್ದೆ ಬರುವ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇದೇ ಪ್ರಶ್ನೆಯನ್ನು ಡಾಲ್ಟನ್ ಮತ್ತು ಆಂಗಸ್ ಮೊಕದ್ದಮೆಯಲ್ಲಿ ತೀರ್ಮಾನಿಸಿತ್ತು. ನ್ಯೂಕ್ಯಾಸಲ್‌ನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದ ಎರಡು ಮನೆಗಳಲ್ಲಿ ಒಂದನ್ನು 1849ರಲ್ಲಿ ಸಾರೋಟು ತಯಾರಿಸುವ ಕಾರ್ಖಾನೆ ಮಾಡಿದ್ದರು. ಇಪ್ಪತ್ತೇಳು ವರ್ಷಗಳ ನಂತರ ಪಕ್ಕದವರು ತಮ್ಮ ಮನೆ ಕೆಡವಿ ಅಗೆದಾಗ ಕಾರ್ಖಾನೆ ಕುಸಿಯಿತು. ಇಪ್ಪತ್ತು ವರ್ಷ ದಾಟಿದ ಆಸರೆಯ ಹಕ್ಕನ್ನು ಲಾರ್ಡ್‌ಗಳು ಎತ್ತಿಹಿಡಿದರು. ಗುತ್ತಿಗೆದಾರನ ಮೇಲೆ ಹಾಕಿ ಕೈತೊಳೆದುಕೊಳ್ಳಲು ಅಗೆಸಿದ ಮಾಲೀಕರಿಗೂ ಬಿಡಲಿಲ್ಲ. “ಅದೆಲ್ಲ ಕಂಟ್ರಾಕ್ಟರ್ ನೋಡ್ಕೋತಾನೆ” ಎನ್ನುವವರು ನೆನಪಿಡಬೇಕಾದದ್ದು ಇದನ್ನು.

ಮನೆ ಇಪ್ಪತ್ತು ವರ್ಷಕ್ಕಿಂತ ಹೊಸದಾದರೂ ನಿರ್ಲಕ್ಷ್ಯದಿಂದಾದ ಹಾನಿಗೆ ಪರಿಹಾರ ಕೇಳಬಹುದು. ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೋರಬಹುದು, ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರನ್ನು ನೇಮಿಸಲು ಅರ್ಜಿ ಹಾಕಬಹುದು. ಕಟ್ಟಡ ಬಿದ್ದು ಜನರ ಪ್ರಾಣಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದೆ ಕಟ್ಟುವುದು, ಕೆಡವುವುದು ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮಿನಡಿ ಅಪರಾಧ. ಶಿಕ್ಷೆ ಆರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ಕೊರತೆ ಇರುವುದು ಹಕ್ಕಿನಲ್ಲಲ್ಲ, ಸಮಯದಲ್ಲಿ. ಜೆಸಿಬಿಗೆ ಗುಂಡಿ ತೋಡಲು ಎರಡು ದಿನ ಸಾಕು. ವಕೀಲರನ್ನು ಹುಡುಕಿ, ಕಾಗದ ಕಲೆಹಾಕಿ, ನೋಟಿಸು ಕೊಟ್ಟು ನ್ಯಾಯಾಲಯದ ಮುಂದೆ ನಿಲ್ಲುವಷ್ಟರಲ್ಲಿ ತಡೆಯಬೇಕಾದದ್ದು ಆಗಿಹೋಗಿರುತ್ತದೆ.

ಇಂಗ್ಲೆಂಡಿನಲ್ಲಿ ಈ ಕಾರಣಕ್ಕೇ ಕಾನೂನನ್ನು ಅಗೆತಕ್ಕೆ ಮುಂಚೆ ನಿಲ್ಲಿಸಿದ್ದಾರೆ. 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ, ಪಕ್ಕದ ಕಟ್ಟಡದಿಂದ ಮೂರು ಮೀಟರಿನೊಳಗೆ ಅದರ ಪಾಯಕ್ಕಿಂತ ಆಳವಾಗಿ ಅಗೆಯುವವರು ಕನಿಷ್ಠ ಒಂದು ತಿಂಗಳು ಮೊದಲು ನೋಟಿಸು ಕೊಡಬೇಕು. ಪಾಯದ ತಳದಿಂದ 45 ಡಿಗ್ರಿ ಓರೆಯಲ್ಲಿ ಎಳೆದ ಗೆರೆಯನ್ನು ಮುಟ್ಟುವಷ್ಟು ಆಳವಾದರೆ ಆರು ಮೀಟರಿನೊಳಗೂ ಇದೇ ನಿಯಮ. ಒಪ್ಪಿಗೆಯಾಗದಿದ್ದರೆ ಸರ್ವೇಯರುಗಳು ಬಂದು ಷರತ್ತು ಬರೆಯುತ್ತಾರೆ. ನ್ಯೂಯಾರ್ಕಿನಲ್ಲಿ ಹತ್ತಡಿಗಿಂತ ಆಳ ಅಗೆದರೆ ಮಾತ್ರ ಪಕ್ಕದ ಕಟ್ಟಡದ ರಕ್ಷಣೆ ಅಗೆಯುವವರ ಹೊಣೆ ಎಂಬ ನಿಯಮ ದೀರ್ಘಕಾಲ ಇತ್ತು. 2008ರ ಕಟ್ಟಡ ಸಂಹಿತೆ ಆ ಹತ್ತಡಿಯನ್ನೇ ತೆಗೆದುಹಾಕಿತು. ಎಷ್ಟೇ ಆಳವಿರಲಿ, ಹೊಣೆ ಅಗೆಯುವವರದು. ಪ್ರತಿಯಾಗಿ ನೆರೆಯವರು ಕೆಲಸಕ್ಕಾಗಿ ತಮ್ಮ ಜಾಗಕ್ಕೆ ಬರಲು ಅನುಮತಿ ಕೊಡಬೇಕು. ಒಳಗೆ ಬಿಡದೆ ಬಾಗಿಲು ಹಾಕಿಕೊಂಡವರಿಗೆ ಆಮೇಲೆ ದೂರುವ ಬಾಯಿ ಅಷ್ಟು ದೊಡ್ಡದಿರುವುದಿಲ್ಲ.

ಎಸ್ಟಿಮೇಟಿನಲ್ಲಿ ಇಲ್ಲದ ಸಾಲು

ಮನೆ ಕಟ್ಟುವವರ ಎಸ್ಟಿಮೇಟು ತೆಗೆದು ನೋಡಿ. ಮಣ್ಣು ಅಗೆತ, ಸಾಗಣೆ, ಕಬ್ಬಿಣ, ಸಿಮೆಂಟು, ಟೈಲ್ಸು, ಮಾಡ್ಯುಲರ್ ಕಿಚನ್ನಿನವರೆಗೂ ಸಾಲುಗಳಿರುತ್ತವೆ. ಪಕ್ಕದ ಮನೆಗೆ ಆಸರೆ ಎಂಬ ಸಾಲು ಹುಡುಕಿದರೂ ಸಿಗುವುದು ಅಪರೂಪ. ಇಲ್ಲದ ಸಾಲಿಗೆ ಹಣ ಬೇಕಾದಾಗ ಮಾಲೀಕ ಕಂಟ್ರಾಕ್ಟರನ ಮುಖ ನೋಡುತ್ತಾನೆ, ಕಂಟ್ರಾಕ್ಟರ್ ಆಕಾಶ ನೋಡುತ್ತಾನೆ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದಬೇಕು. ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಗಳು ಮೂರನೆಯವರ ಆಸ್ತಿಗೆ ಆದ ಹಾನಿಯನ್ನು ತುಂಬಿಕೊಡುತ್ತವೆ, ನಿಜ. ಆದರೆ ಕಂಪನದಿಂದ ಅಥವಾ ಆಸರೆ ತೆಗೆದದ್ದರಿಂದ ಆದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ. ಹೆಚ್ಚಿನ ಪ್ರೀಮಿಯಂ ಕಟ್ಟಿ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಅಲ್ಲೂ ವಿಮಾ ಕಂಪನಿ ಮೊದಲು ಕೇಳುವುದು ಕೆಲಸ ಶುರುವಾಗುವ ಮುಂಚಿನ ಸ್ಥಿತಿಯ ದಾಖಲೆಯನ್ನೇ.

ಇದಕ್ಕೆಲ್ಲ ಹೊಸ ಕಾಯ್ದೆ ಬರಲಿ ಎಂದು ಕಾಯಬೇಕಿಲ್ಲ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಸೈಟು ಎಂದು ನಾವು ತಪ್ಪದೆ ಬರೆಸುತ್ತೇವೆ. ಮಂಜೂರಾತಿಗೆ ಕೊಡುವ ನಕ್ಷೆಯಲ್ಲಿ ಆ ಪೂರ್ವದ ಮನೆಯ ಪಾಯ ಎಷ್ಟು ಆಳದಲ್ಲಿದೆ, ನಮ್ಮ ಗುಂಡಿಗೆ ಎಷ್ಟು ಹತ್ತಿರ, ನಡುವೆ ಯಾವ ಆಸರೆ ಎಂದು ತೋರಿಸುವ ಒಂದು ಅಡ್ಡಕೊಯ್ತದ ಚಿತ್ರವೂ ಇರಬೇಕು ಎಂದು ಪಾಲಿಕೆ ಕೇಳಲಿ. ಬೇಸ್‌ಮೆಂಟ್ ಇರುವ ಯಾವ ನಕ್ಷೆಯನ್ನೂ ಅದಿಲ್ಲದೆ ಮುಟ್ಟದಿರಲಿ. ಒಬ್ಬ ಎಂಜಿನಿಯರಿಗೆ ಅರ್ಧ ದಿನದ ಕೆಲಸ. ಆದರೆ ಅದನ್ನು ಬರೆಯಬೇಕಾದರೆ ಅವನು ಪಕ್ಕದ ಮನೆಯ ಬಾಗಿಲು ತಟ್ಟಲೇಬೇಕು, ಪಾಯ ನೋಡಲೇಬೇಕು, ಆಸರೆಯ ಖರ್ಚನ್ನು ಎಸ್ಟಿಮೇಟಿಗೆ ಸೇರಿಸಲೇಬೇಕು. ಆ ಖರ್ಚು ನೋಡಿ ಬೇಸ್‌ಮೆಂಟೇ ಬೇಡ, ನೆಲಮಟ್ಟದಲ್ಲೇ ಸ್ಟಿಲ್ಟ್ ಪಾರ್ಕಿಂಗ್ ಸಾಕು ಎಂದು ಮಾಲೀಕರಿಗೆ ಅನಿಸಿದರೆ ಅದೂ ಸರಿಯಾದ ಲೆಕ್ಕವೇ. ಇಷ್ಟು ದಿನ ಬೇಸ್‌ಮೆಂಟ್ ಅಗ್ಗವೆಂದು ಕಂಡದ್ದು ಅದರ ಬೆಲೆಯಲ್ಲಿ ಒಂದು ಪಾಲನ್ನು ಪಕ್ಕದ ಮನೆಯವರು ತೆರುತ್ತಿದ್ದುದರಿಂದ.